ಹಲ್ಲುನೋವಿನ ಸ್ವರಲಿಪಿ

ನನ್ನ ತಮ್ಮ ನನ್ನ ಹಲ್ಲುನೋವನ್ನು ಅಚ್ಚು ಹಾಕಿಸಿದ್ದಾನೆ. ಒಳ್ಳೆಯ ದಪ್ಪ ಕಾಗದ, ಮೇಲೆ ಅವನ ಹೆಸರು, ಕೆಳಗೆ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ ಎಂಬ ಸಾಲು. ಯಾರು ಬೇಕಾದರೂ ಕೊಂಡುಕೊಂಡು ಹೋಗಿ, ಮನೆಯಲ್ಲಿ ಆರಾಮಾಗಿ ಕೂತು, ನನಗೆ ನೋವಾದ ಹಾಗೆಯೇ ನುಡಿಸಬಹುದು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಬೇಡ ಅನ್ನುವುದಿಲ್ಲ. ಪೂರ್ತಿ ಕೇಳಿಸಿಕೊಂಡು ಆಮೇಲೆ ನಗಲಿ.

ನಾನು ಟ್ರಂಪೆಟ್ ನುಡಿಸುವವಳು. ತಮ್ಮ ಪಿಯಾನೊ ನುಡಿಸುತ್ತಾನೆ, ಸಂಗೀತ ಬರೆಯುತ್ತಾನೆ, ನಮ್ಮ ಜಾಝ್ ತಂಡವನ್ನು ನಡೆಸುತ್ತಾನೆ. ಡ್ರಮ್ಸಿಗೆ ಇರುವವನನ್ನು ಎಲ್ಲರೂ ಗುಂಡಣ್ಣ ಎನ್ನುತ್ತೇವೆ. ಅವನು ಕೂತರೆ ಸ್ಟೂಲು ಕಾಣಿಸುವುದಿಲ್ಲ. ಬೇಸ್ ನುಡಿಸುವವನು ವರ್ಷಕ್ಕೊಂದು ಮಾತಾಡುವ ಆಸಾಮಿ, ಈ ಕಥೆಯಲ್ಲಿ ಆ ಮಾತು ಬರುವುದಿಲ್ಲ. ನಾವು ಅಭ್ಯಾಸ ಮಾಡುವುದು ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಗಾಳಿ ತುಂಬುವ ಕಂಪ್ರೆಸರ್ ದಿನವಿಡೀ ಗುಂಯ್ ಎನ್ನುತ್ತಿರುತ್ತದೆ, ನೆಲದ ಹಲಗೆ ಅದುರುತ್ತದೆ, ರಬ್ಬರಿನ ವಾಸನೆ ಬಟ್ಟೆಗೆ ಅಂಟಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಒಂದು ದಿನ ತಮ್ಮ ಆ ಗುಂಯ್ ಎನ್ನುವ ಸದ್ದನ್ನು ಪಿಯಾನೊದ ಕೀಗಳಲ್ಲಿ ಹುಡುಕಿ ಹಿಡಿದ. ಆ ಒಂದು ಸ್ವರದ ಮೇಲೆಯೇ ಒಂದು ಕೃತಿ ಕಟ್ಟಿ ಅದಕ್ಕೆ 'ಪಂಕ್ಚರ್' ಎಂದು ಹೆಸರಿಟ್ಟ. ಸಿಟ್ಟಿನಲ್ಲಿದ್ದೇನೆ ಅಂತ ಸುಳ್ಳು ಹೇಳಲಾರೆ, ಚೆನ್ನಾಗಿಯೇ ಕಟ್ಟಿದ್ದ.

ಅವನು ಬರೆಯುವ ರೀತಿಯೇ ಬೇರೆ. ಅರ್ಧ ಬರೆಯುತ್ತಾನೆ, ಅರ್ಧ ಖಾಲಿ ಬಿಡುತ್ತಾನೆ. ಖಾಲಿ ಬಿಟ್ಟ ಕಡೆ ಬೇರೆಯವರಾದರೆ ಟ್ರಂಪೆಟ್ ಎಂದೋ ಡ್ರಮ್ಸ್ ಎಂದೋ ವಾದ್ಯದ ಹೆಸರು ಬರೆಯುತ್ತಾರೆ. ಇವನು ಮನುಷ್ಯರನ್ನು ಬರೆಯುತ್ತಿದ್ದ. ಪೆನ್ಸಿಲಿನಲ್ಲಿ, ಖಾಲಿ ಗೆರೆಗಳ ಉದ್ದಕ್ಕೂ, ಕೈಕಾಲು ಚಾಚಿ ಮಲಗಿದಂಥ ದೊಡ್ಡ ಅಕ್ಷರಗಳಲ್ಲಿ: ಅಕ್ಕ. ಇಲ್ಲಿ ಅಕ್ಕ ಆ ಹೊತ್ತಿಗೆ ಏನು ತೋಚುತ್ತದೋ ಅದನ್ನು ನುಡಿಸಲಿ, ಯಾರೂ ಕೇಳುವಂತಿಲ್ಲ ಎಂದರ್ಥ. ಮನೆ ಇಲ್ಲ, ಸೈಟಿಲ್ಲ, ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಜಾಗ ಒಂದೇ.

ರೆಕಾರ್ಡಿಂಗಿನ ದಿನ ನನ್ನ ಮೇಲಿನ ಸಾಲಿನ ಮುಂದಿನ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ತುಟಿ ಊದಿಕೊಂಡು, ಕನ್ನಡಿ ನೋಡಿದರೆ ನನಗೇ ನನ್ನ ಗುರುತು ಹತ್ತುತ್ತಿರಲಿಲ್ಲ. ಟ್ರಂಪೆಟ್ಟಿನ ಲೋಹದ ತುದಿಯನ್ನು ತುಟಿಗೆ ಒತ್ತಿ ಹಿಡಿದು ಊದಬೇಕು. ತುಟಿಯ ಹಿಂದೆ ಆ ಒತ್ತಡವನ್ನು ತಡೆದುಕೊಳ್ಳುವುದು ಮುಂದಿನ ಹಲ್ಲುಗಳೇ. ಸ್ವರ ಎತ್ತರಕ್ಕೆ ಹೋದಷ್ಟೂ ಒತ್ತಡ ಹೆಚ್ಚು.

"ಇವತ್ತು ಆಗಲ್ಲ ಕಣೋ," ಅಂದೆ. "ಮುಂದಕ್ಕೆ ಹಾಕು."

"ಈ ಸ್ಟುಡಿಯೋ ಮತ್ತೆ ಯಾವಾಗ ಸಿಗುತ್ತೋ ಏನೋ ಅಕ್ಕಾ. ಎಲ್ಲರೂ ಬಂದುಬಿಟ್ಟಿದ್ದಾರೆ. ಹಲ್ಲು ಕಚ್ಕೊಂಡು ಒಂದ್ಸಲ ನುಡಿಸಿಬಿಡು."

ಹಲ್ಲು ಕಚ್ಚಿಕೊಳ್ಳಬೇಕಂತೆ! ನಾಲಿಗೆ ತಾಗಿದರೆ ಸಾಕು ಜೀವ ಬಾಯಿಗೆ ಬರುತ್ತಿತ್ತು. ಆದರೂ ನುಡಿಸಿದೆ. ಒಡಹುಟ್ಟಿದವನು, ಮೊದಲನೆಯ ಆಲ್ಬಮ್, ಮುಖ ಬೇರೆ ಸಣ್ಣದು ಮಾಡಿಕೊಂಡು ನಿಂತಿದ್ದ. 'ಅಕ್ಕ' ಎಂದು ಬರೆದ ಜಾಗ ಬಂತು. ಮೆಲ್ಲಗೆ ಮೇಲೆ ಹತ್ತಿದೆ. ಎತ್ತರದ ಸ್ವರ ಮುಟ್ಟುತ್ತಿದ್ದಂತೆ ನೋವು ಮೂಗಿನ ಹಿಂದಿನಿಂದ ಹಾದು ಕಣ್ಣಿಗೇ ಬಂತು. ಥಟ್ಟನೆ ನಿಲ್ಲಿಸಿ, ತುದಿಯನ್ನು ತುಟಿಯಿಂದ ಕಿತ್ತು, ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಗಾಳಿ ಎಳೆದುಕೊಂಡೆ. ಸ್ವಲ್ಪ ತಡೆದು ಮತ್ತೆ ಶುರುಮಾಡಿದೆ. ಹಾಗೆ ಮೂರು ಕಡೆ ಆಯಿತು. ಮುಗಿದ ಮೇಲೆ ಹೊರಗೆ ಕಾರಿಡಾರಿಗೆ ಹೋಗಿ, ಕರವಸ್ತ್ರದಲ್ಲಿ ಐಸು ಸುತ್ತಿ ಕೆನ್ನೆಗೆ ಹಿಡಿದುಕೊಂಡು, ಮಕ್ಕಳ ಹಾಗೆ ಅತ್ತೆ. ಗುಂಡಣ್ಣ ಪಕ್ಕದಲ್ಲಿ ನಿಂತು ಏನು ಮಾಡಬೇಕೋ ತಿಳಿಯದೆ ನನ್ನ ಚೀಲ ಹಿಡಿದುಕೊಂಡಿದ್ದ.

ತಮ್ಮ ಬಾಗಿಲು ತೆರೆದು ನೋಡಿದ. ನಾನು ಅಳುತ್ತಿದ್ದದ್ದನ್ನೂ ನೋಡಿದ. "ಚೆನ್ನಾಗಿ ಬಂದಿದೆ ಅಕ್ಕಾ. ಇನ್ನೊಂದೇ ಒಂದು ಸಲ," ಅಂದ. ಇನ್ನೊಂದು ಸಲವೂ ನುಡಿಸಿದೆ. ಕೊನೆಗೆ ಆಲ್ಬಮ್ಮಿಗೆ ಅವನು ಇಟ್ಟುಕೊಂಡದ್ದು ಮೊದಲನೆಯದನ್ನೇ.

ಆ ಹಲ್ಲು ಉಳಿಯಲಿಲ್ಲ. ಡಾಕ್ಟರಮ್ಮ ಅದನ್ನು ಕಿತ್ತು, ದವಡೆಗೆ ಸ್ಕ್ರೂ ಹಾಕಿ, ಹೊಸ ಹಲ್ಲು ಕೂರಿಸಿದರು. ಅದೆಲ್ಲ ಮಾಯುವವರೆಗೆ ಟ್ರಂಪೆಟ್ ಮುಟ್ಟುವಂತಿರಲಿಲ್ಲ. ಮುಟ್ಟಿದ ಮೇಲೆ ಮೊದಮೊದಲು ಬರುತ್ತಿದ್ದದ್ದು ಬಸ್ಸಿನ ಹಾರ್ನಿನಂಥ ಸದ್ದು. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಬಿಡದೆ ಕೂತು, ಒಂದೊಂದೇ ಸ್ವರವನ್ನು ವಾಪಸು ತಂದುಕೊಂಡೆ.

ಅಷ್ಟರಲ್ಲಿ ಆಲ್ಬಮ್ ಹೊರಬಂತು. 'ಕೆಳಗಿನ ಅಂಗಡಿ' ಎಂದು ಹೆಸರು. ನಾವ್ಯಾರೂ ಕನಸಿನಲ್ಲೂ ಅಂದುಕೊಂಡಿರದಷ್ಟು ಹೆಸರು ಮಾಡಿತು. ಬರೆದದ್ದು ಎಲ್ಲಿ ಮುಗಿಯುತ್ತದೆ, ಆ ಕ್ಷಣಕ್ಕೆ ಹುಟ್ಟಿದ್ದು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಸಾಧ್ಯವೇ ಇಲ್ಲ ಎಂದು ಪತ್ರಿಕೆಗಳು ಹೊಗಳಿದವು. ಅದರಲ್ಲೂ 'ಪಂಕ್ಚರ್'. ಅದರಲ್ಲೂ ಟ್ರಂಪೆಟ್ಟಿನ ನಡುವಿನ ಆ ಮೂರು ಮೌನಗಳು. ಒಬ್ಬ ವಿಮರ್ಶಕನಿಗೆ ಅವುಗಳಲ್ಲಿ ನಗರದ ಒಂಟಿತನ ಕೇಳಿಸಿತಂತೆ. ಇನ್ನೊಬ್ಬನಿಗೆ ಸಾವು ಕೇಳಿಸಿತಂತೆ. ಹಲ್ಲು ಮಾತ್ರ ಒಬ್ಬರಿಗೂ ಕೇಳಿಸಲಿಲ್ಲ.

ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗ ಒಂದು ದಿನ ರೇಡಿಯೋದಲ್ಲಿ ತಮ್ಮನ ದನಿ ಬಂತು. ಆ ಮೌನಗಳ ಬಗ್ಗೆ ಹೇಳಿ ಎಂದು ಯಾರೋ ಕೇಳುತ್ತಿದ್ದರು.

"ಅಲ್ಲಿ ಜಾಗ ಬಿಡು ಅಂತ ಅಕ್ಕನಿಗೆ ನಾನೇ ಹೇಳಿದ್ದೆ," ಎಂದ ನನ್ನ ತಮ್ಮ. "ಗಾಳಿ ಹೋದ ಟೈರಿನ ಕಲ್ಪನೆ ಅದು. ಮೊದಲಿಂದಲೂ ನನ್ನ ಮನಸ್ಸಲ್ಲಿತ್ತು."

ನನ್ನ ಬಾಯಿಯಲ್ಲಿ ಹತ್ತಿ, ನೀರು ಎಳೆಯುವ ಕೊಳವೆ, ಡಾಕ್ಟರಮ್ಮನ ಎರಡು ಬೆರಳು. "ಆಂ! ಆಂ!" ಎಂದೆ. "ನೋವಾಗ್ತಿದೆಯಾ?" ಎಂದು ಕೇಳಿ ಆಕೆ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಎದ್ದು ಬರುವಾಗ ಅರ್ಧ ಮುಖ ಮರಗಟ್ಟಿತ್ತು, ಬೈಯಲು ನಾಲಿಗೆಯೂ ತಿರುಗುತ್ತಿರಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಳಾಗಿ ಹೋಗಲಿ, ಬಾಯಿಮಾತು, ಗಾಳಿಯಲ್ಲಿ ಹೋಯಿತು ಅಂದುಕೊಂಡೆ.

ಗಾಳಿಯಲ್ಲಿ ಹೋಗಿರಲಿಲ್ಲ. ಆಲ್ಬಮ್ಮಿಗೆ ವರ್ಷದ ಪ್ರಶಸ್ತಿ ಬಂತು, ಪ್ರಶಸ್ತಿಯ ಸಮಾರಂಭದಲ್ಲಿ ನಾವು 'ಪಂಕ್ಚರ್' ನುಡಿಸಬೇಕು ಎಂದಾಯಿತು. ಅದರ ಹಿಂದಿನ ವಾರ ಒಬ್ಬ ಹುಡುಗಿ ನನ್ನ ಮನೆಯ ಬಾಗಿಲು ತಟ್ಟಿದಳು. ತಮ್ಮ ಪಾಠ ಹೇಳುವ ಸಂಗೀತ ಶಾಲೆಯವಳು, ಬೆನ್ನಿಗೆ ಟ್ರಂಪೆಟ್ಟಿನ ಪೆಟ್ಟಿಗೆ. ಕೂರು ಎಂದರೂ ಕುರ್ಚಿಯ ತುದಿಯಲ್ಲೇ ಕೂತಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ನುಡಿಸಿದ ಹಾಗೇ ಎಲ್ಲಾ ಬರ್ತಿದೆ. ಒಂದು ಮಾತ್ರ ಬರ್ತಿಲ್ಲ. ಆ 'ಸ್ಸ್' ಅನ್ನೋದನ್ನ ಹೇಗೆ ಮಾಡ್ತೀರಾ?"

"ಯಾವ 'ಸ್ಸ್'?"

ಅವಳು ಚೀಲದಿಂದ ಅಚ್ಚಾದ ಹಾಳೆಗಳನ್ನು ತೆಗೆದಳು. 'ಅಕ್ಕ' ಎಂದಿರಬೇಕಾದ ಜಾಗದಲ್ಲಿ ಕಪ್ಪಗೆ, ಇರುವೆ ಸಾಲಿನ ಹಾಗೆ, ನಾನು ಅವತ್ತು ನುಡಿಸಿದ ಸ್ವರಗಳೆಲ್ಲ ಇದ್ದವು. ಒಂದೂ ಬಿಟ್ಟಿರಲಿಲ್ಲ. ನಾನು ನಿಲ್ಲಿಸಿದ ಕಡೆ ಮೂರು ವಿರಾಮಗಳು. ಪ್ರತಿ ವಿರಾಮದ ಮೇಲೆ ಒಂದು ಬಾಣದ ಗುರುತು, ಅದರ ಪಕ್ಕದಲ್ಲಿ: 'ಹಲ್ಲಿನ ನಡುವಿನಿಂದ ಉಸಿರನ್ನು ಒಳಗೆ ಎಳೆಯುವುದು, ಸ್ಪಷ್ಟವಾಗಿ ಕೇಳಿಸುವಂತೆ.' ಕೆಳಗೆ ಪಿಯಾನೊದ ಸಾಲಿನಲ್ಲಿ, ನನ್ನ ನೋವಿನ ಆ ಮೂರೂ ಜಾಗಗಳಲ್ಲಿ, ಪಿಯಾನೊ ಉತ್ತರ ಕೊಡುವಂತೆ ಹೊಸದಾಗಿ ಒಂದೊಂದು ಸುಂದರ ತುಣುಕು.

ಹುಡುಗಿ ಪಾಪ, ಹಲ್ಲು ಕಿರಿದು ತೋರಿಸಿದಳು. "ಸ್ಸ್. ಹೀಗಾ? ಅಥವಾ ಸ್ಸ್ಸ್?"

ನಗು ಬಂತು, ನಗುತ್ತಿದ್ದ ಹಾಗೆಯೇ ಮೈಯೆಲ್ಲ ಉರಿದುಹೋಯಿತು. "ಇದನ್ನ ನಿನಗ್ಯಾಕೆ ಕೊಟ್ಟ ಅವನು?" ಎಂದೆ.

ಅವಳು ಪೆಟ್ಟಿಗೆಯ ಕೊಂಡಿಯನ್ನು ತೆಗೆದು ಹಾಕಿ ಮಾಡಿದಳು. "ಸಮಾರಂಭದ ದಿನ ನಿಮಗೆ ಆಗದೇ ಇದ್ರೆ ಅಂತ..."

"ನನಗೆ ಆಗಲ್ಲ ಅಂತ ಯಾರು ಹೇಳಿದ್ರು?"

ಅವಳು ಹಾಳೆಗಳನ್ನು ನನ್ನ ಹತ್ತಿರವೇ ಬಿಟ್ಟು ಎದ್ದಳು. ಉತ್ತರ ಕೊಡಬೇಕಾದವಳು ಅವಳಲ್ಲ ಎಂದು ನನಗೂ ಗೊತ್ತಿತ್ತು.

ಮಾರನೆಯ ದಿನ ಟೈರ್ ಅಂಗಡಿಯ ಮೆಟ್ಟಿಲನ್ನು ಹೇಗೆ ಹತ್ತಿದೆನೋ ನೆನಪಿಲ್ಲ. ಅಭ್ಯಾಸಕ್ಕೆ ಎಲ್ಲರೂ ಸೇರಿದ್ದರು, ಹುಡುಗಿಯೂ ಮೂಲೆಯಲ್ಲಿದ್ದಳು. ಹಾಳೆಗಳನ್ನು ಪಿಯಾನೊದ ಮೇಲೆ ರಪ್ಪನೆ ಹಾಕಿದೆ.

"ಏನೋ ಇದು?"

"ಪ್ರಕಾಶಕರು ಕೇಳಿದ್ರು ಅಕ್ಕಾ. ಬೇರೆ ತಂಡದವರು ನುಡಿಸೋಕೆ ಪೂರ್ತಿ ಬರೆದದ್ದು ಬೇಕು ಅಂತ."

"ಕೇಳಿದ್ರೆ ಕೊಟ್ಟುಬಿಡೋದಾ? ನನ್ನನ್ನ ಒಂದು ಮಾತು ಕೇಳಿದ್ಯಾ? ಇದು ನೀನು ಬರೆದದ್ದಾ?"

"ಕೃತಿ ನಂದೇ ತಾನೇ?"

"ಇದು ಕೀವು ಕಣೋ! ನನ್ನ ಹಲ್ಲಿನ ಕೀವು! ಅದನ್ನ ಗಾಳಿ ಹೋದ ಟೈರು ಅಂತ ರೇಡಿಯೋದಲ್ಲಿ ಹೇಳ್ಕೊಂಡು ಬಂದೆಯಲ್ಲ, ನಾಚಿಕೆ ಆಗಲಿಲ್ವಾ ನಿನಗೆ? ನಾನು ಕಾರಿಡಾರಲ್ಲಿ ಅಳ್ತಾ ನಿಂತಿದ್ದನ್ನ ನೋಡಿದ್ದೆ ನೀನು!"

ಗುಂಡಣ್ಣ ತನ್ನ ಡ್ರಮ್ಮಿನ ತಿರುಪನ್ನು ಬಿಗಿ ಮಾಡುತ್ತಿದ್ದ. ಅದು ಮೊದಲೇ ಬಿಗಿಯಾಗಿತ್ತು.

ತಮ್ಮನ ಮುಖ ಕೆಂಪಾಯಿತು. ಅವನಿಗೂ ನಮ್ಮಪ್ಪನ ಸಿಟ್ಟೇ ಬಂದಿದೆ, ಬರುವುದು ಸ್ವಲ್ಪ ತಡ ಅಷ್ಟೆ. "ಸರಿ, ನೋವಿತ್ತು. ಆದ್ರೆ ಆ ಜಾಗ ಖಾಲಿ ಬಿಟ್ಟವನು ಯಾರು? ಸುತ್ತ ಕಟ್ಟಿದವನು ಯಾರು? ನಾನು ಕಟ್ಟದೇ ಇದ್ದಿದ್ರೆ ನೀನು ಎಲ್ಲಿ ನಿಂತ್ಕೊಂಡು 'ಸ್ಸ್' ಅಂತಿದ್ದೆ? ಬಚ್ಚಲಲ್ಲಾ?"

ಅವನ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ಜನ ಈಗ ಅದನ್ನೇ ಕೇಳೋಕೆ ಬರೋದು ಅಕ್ಕಾ," ಎಂದು ದನಿ ಇಳಿಸಿದ. "ಪ್ರತಿ ಸ್ವರ ಬಾಯಿಪಾಠ ಆಗಿದೆ ಅವರಿಗೆ. ಸಮಾರಂಭದ ದಿನ ನೀನು ಬೇರೆ ಏನೋ ನುಡಿಸಿದ್ರೆ ಮೋಸ ಹೋದ ಹಾಗಾಗುತ್ತೆ. ಬರೆದ ಹಾಗೆ ನುಡಿಸು. ಆಗಲ್ಲ ಅಂದ್ರೆ ಈಗಲೇ ಹೇಳು, ಇವಳು ನುಡಿಸ್ತಾಳೆ."

ಕೆಳಗೆ ಕಂಪ್ರೆಸರ್ ಗುಂಯ್ ಎನ್ನುತ್ತಲೇ ಇತ್ತು. ಇವನಿಗೆ ಪಿಯಾನೊದಲ್ಲಿ ಸ್ವರ ಹುಡುಕುವುದನ್ನು ಕಲಿಸಿದವಳು ನಾನು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಾನು ಏನೋ ಗುನುಗುತ್ತಿದ್ದೆ, ಇವನು ಹಜಾರದಲ್ಲಿ ಸ್ಟೂಲಿನ ಮೇಲೆ ಮಂಡಿಯೂರಿ ಅದನ್ನು ಬೆರಳಿನಲ್ಲಿ ಹುಡುಕುತ್ತಿದ್ದ. ಸಿಕ್ಕ ಕೂಡಲೇ ನಾನು ರಾಗ ಬದಲಿಸುತ್ತಿದ್ದೆ. ಅವನು ಕಿರುಚುತ್ತಿದ್ದ, ಮತ್ತೆ ಹುಡುಕುತ್ತಿದ್ದ. ಆಗ ನನ್ನ ಹಿಂದೆ ಓಡಿಬರುತ್ತಿದ್ದವನು ಈಗ ನನ್ನನ್ನು ಹಾಳೆಗೆ ಮೊಳೆ ಹೊಡೆದು ನಿಲ್ಲಿಸಲು ಹೊರಟಿದ್ದಾನೆ. ಇವತ್ತು ಒಪ್ಪಿಕೊಂಡರೆ ಸಾಯುವವರೆಗೂ ನಾನು ಒಂದು ಹಳೆಯ ಹಲ್ಲುನೋವನ್ನು ನಟಿಸುತ್ತಾ ಬದುಕಬೇಕು. ಒಪ್ಪದಿದ್ದರೆ ತಂಡದಲ್ಲಿ ನನ್ನ ಜಾಗವೇ ಇಲ್ಲ.

"ನುಡಿಸ್ತೀನಿ," ಅಂದೆ. "ನಾನೇ ನುಡಿಸ್ತೀನಿ."

ಅವನು ಅದನ್ನು ಒಪ್ಪಿಗೆ ಅಂದುಕೊಂಡ. ಏನು ನುಡಿಸುತ್ತೇನೆ ಎಂದು ನಾನು ಹೇಳಿರಲಿಲ್ಲ, ಅವನೂ ಕೇಳಲಿಲ್ಲ.

ಸಮಾರಂಭದ ಸಭಾಂಗಣ ದೊಡ್ಡದು, ಕೆಂಪು ಕುರ್ಚಿಗಳು, ಒಂದೂ ಖಾಲಿಯಿಲ್ಲ. ಹುಡುಗಿ ಪರದೆಯ ಪಕ್ಕದಲ್ಲಿ ಟ್ರಂಪೆಟ್ ಕೈಯಲ್ಲಿ ಹಿಡಿದೇ ನಿಂತಿದ್ದಳು. 'ಪಂಕ್ಚರ್' ಶುರುವಾಯಿತು. ಬರೆದ ಭಾಗವನ್ನು ಬರೆದ ಹಾಗೆಯೇ, ಒಂದು ಕೂದಲೆಳೆ ಆಚೀಚೆ ಆಗದಂತೆ ನುಡಿಸಿದೆ. ನನ್ನ ಜಾಗ ಬಂತು. ಮೊದಲ ಸಾಲನ್ನು ಆಲ್ಬಮ್ಮಿನಲ್ಲಿ ಇದ್ದಂತೆಯೇ ಎತ್ತಿಕೊಂಡೆ. ಜನ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಮೇಲೆ ಹತ್ತಿದೆ, ಆ ಎತ್ತರದ ಸ್ವರ ಮುಟ್ಟಿದೆ. ಇನ್ನೇನು ನಾನು ನಿಲ್ಲಿಸುತ್ತೇನೆ ಎಂದು ತಮ್ಮ ಪಿಯಾನೊದ ಮೇಲೆ ಕೈ ಎತ್ತಿದ.

ನಾನು ನಿಲ್ಲಿಸಲಿಲ್ಲ.

ನೋವಿಲ್ಲದ ಹಲ್ಲಿನ ಮೇಲೆ ಇಡೀ ಭಾರ ಹಾಕಿ, ರೆಕಾರ್ಡಿಂಗಿನ ದಿನ ಬಾಗಿಲವರೆಗೆ ಹೋಗಿ ವಾಪಸಾಗಿದ್ದ ಕಡೆ ಈಗ ಒಳಗೆ ನುಗ್ಗಿದೆ. ತಮ್ಮ ತನ್ನ ಸುಂದರ ತುಣುಕನ್ನು ತುರುಕಲು ನೋಡಿದ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದು ಕರ್ಕಶವಾಯಿತು. ಮುಂದಿನ ಸಾಲಿನಲ್ಲಿ ಯಾರೋ ಮುಖ ಕಿವುಚಿದರು. ಎರಡನೆಯ ವಿರಾಮದ ಜಾಗ ಬಂತು, ಅಲ್ಲೂ ನಿಲ್ಲಿಸಲಿಲ್ಲ. ಅಷ್ಟು ದಿನ ಗಂಟಲಲ್ಲಿ ಕಟ್ಟಿಕೊಂಡಿದ್ದ ಬೈಗುಳವೆಲ್ಲ ಸಾಲುಸಾಲಾಗಿ ಹೊರಗೆ ಬಂತು. ರೇಡಿಯೋಗೆ ಒಂದು, ಬಾಣದ ಗುರುತಿಗೆ ಒಂದು, 'ಇನ್ನೊಂದೇ ಒಂದು ಸಲ' ಅಂದದ್ದಕ್ಕೆ ಎರಡು. ಗುಂಡಣ್ಣ ಮೊದಲು ಗಾಬರಿಯಾಗಿ ನೋಡಿದವನು, ಆಮೇಲೆ ಹಲ್ಲು ಬಿಟ್ಟು, ಇದೇ ಬೇಕಿತ್ತು ಎನ್ನುವಂತೆ ಹಿಂದಿನಿಂದ ಬಡಿಯತೊಡಗಿದ. ತಮ್ಮ ಪಿಯಾನೊದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಾಳೆ ನೋಡಿದ. ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಮೂರನೆಯ ಜಾಗದಲ್ಲಿ ಅವನು ಹಾಳೆ ಬಿಟ್ಟು ನನ್ನ ಕಡೆ ತಿರುಗಿದ. ಒಂದು ಬೆರಳು ಚಾಚಿ ಒಂದೇ ಒಂದು ಕೀ ಒತ್ತಿದ. ಕಂಪ್ರೆಸರಿನ ಗುಂಯ್. ನಾನು ಎಲ್ಲಿ ಹೋದರೂ ಅದನ್ನೇ ಒತ್ತಿದ, ಬಿಟ್ಟು ಬಿಟ್ಟು, ಬೇರೆ ಬೇರೆ ಹೊತ್ತಿಗೆ. ಸ್ಟೂಲಿನ ಮೇಲೆ ಮಂಡಿಯೂರಿ ಹುಡುಕುತ್ತಿದ್ದ ಆ ಹಳೆಯ ಬೆರಳು. ಅದು ಎಷ್ಟು ಚೆನ್ನಾಗಿತ್ತು ಎಂದರೆ ನನ್ನ ಸಿಟ್ಟು ದುಪ್ಪಟ್ಟಾಯಿತು. ಇಷ್ಟು ಗೊತ್ತಿದ್ದವನಿಗೆ ನನ್ನ ನೋವನ್ನು ಕದಿಯುವ ದರ್ದು ಏನಿತ್ತು?

ಜನ ಎದ್ದು ನಿಂತರು. ಪ್ರಶಸ್ತಿ ಕೊಡುವಾಗ ನಿರೂಪಕಿ ತಮ್ಮನ ಮುಂದೆ ಮೈಕ್ ಹಿಡಿದಳು. "ಆ ಪ್ರಸಿದ್ಧ ಮೌನಗಳು ಇವತ್ತು ಇರಲೇ ಇಲ್ಲ. ಯಾಕೆ?"

ಅವನು ಬೆವರು ಒರೆಸಿಕೊಂಡ. ನನ್ನ ಕಡೆ ನೋಡಿದ. "ಅವತ್ತು ಅಕ್ಕನಿಗೆ ಹಲ್ಲು ನೋಯ್ತಿತ್ತು," ಎಂದ. "ಇವತ್ತು ನೋಯ್ತಿಲ್ಲ."

ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. "ಇಲ್ಲ, ನಿಜವಾಗ್ಲೂ," ಎಂದ. ಇನ್ನೂ ಜೋರಾಗಿ ನಕ್ಕರು. "ಎಂಥ ವಿನಯ!" ಎಂದು ನಿರೂಪಕಿ ಚಪ್ಪಾಳೆ ತಟ್ಟಿಸಿದಳು. ನಾನು ಟ್ರಂಪೆಟ್ ಹಿಡಿದುಕೊಂಡು, ಒಳಗೊಳಗೇ ಕುದಿಯುತ್ತಾ, ಎಲ್ಲರ ಎದುರಿಗೆ ಗೊಂಬೆಯ ಹಾಗೆ ನಿಂತಿದ್ದೆ.

ಪರದೆಯ ಹಿಂದೆ ಬಂದ ಕೂಡಲೇ ಅವನು ಶುರುಮಾಡಿದ. "ಹೇಳಿದೆ ತಾನೇ? ಎಲ್ಲರ ಮುಂದೆ ಹೇಳಿದೆ. ಅವರು ನಕ್ಕರೆ ನಾನೇನು ಮಾಡ್ಲಿ?"

"ರೇಡಿಯೋದಲ್ಲಿ ಸುಳ್ಳು ಹೇಳಿದಾಗ ಯಾರೂ ನಗಲಿಲ್ಲ ನೋಡು," ಅಂದೆ.

ಅಷ್ಟರಲ್ಲಿ ಹುಡುಗಿ ಹತ್ತಿರ ಬಂದಳು. ಅಚ್ಚಾದ ಹಾಳೆ ಅವಳ ಕೈಯಲ್ಲಿ ಬೆವರಿಗೆ ಮುದುಡಿತ್ತು.

"ಅಕ್ಕಾ," ಎಂದಳು, ಅಳುವ ದನಿಯಲ್ಲಿ. "ನನ್ನ ಹಲ್ಲೆಲ್ಲಾ ಚೆನ್ನಾಗಿವೆ. ಹಾಗಾದ್ರೆ ನಾನು ಇಲ್ಲಿ ಏನು ನುಡಿಸ್ಬೇಕು?"

ಗುಂಡಣ್ಣ ಫಕ್ಕನೆ ನಕ್ಕ. ನಾನು ನಗಲಿಲ್ಲ. ಅವಳಿಗೆ ಉತ್ತರ ಕೊಡಬೇಕಾದವನು ಪಕ್ಕದಲ್ಲೇ ನಿಂತಿದ್ದ. ತಮ್ಮನ ಜೇಬಿಗೆ ಕೈ ಹಾಕಿ ಅವನ ಪೆನ್ನು ಕಿತ್ತುಕೊಂಡೆ. ಅವನ ಕಂಕುಳಲ್ಲಿದ್ದ ಪಿಯಾನೊದ ಹಾಳೆಗಳನ್ನೂ ಕಿತ್ತುಕೊಂಡು, ಗೋಡೆಗೆ ಒತ್ತಿ ಹಿಡಿದು, ಅವನು ಬರೆದಿದ್ದ ಆ ಮೂರೂ ಸುಂದರ ಉತ್ತರಗಳ ಮೇಲೆ ಅಡ್ಡಗೆರೆ ಎಳೆದೆ. ಹಾಳೆ ಹರಿಯುವಷ್ಟು ಒತ್ತಿ ಎಳೆದೆ. ಮೇಲೆ, ಸಾಲಿನ ಉದ್ದಕ್ಕೂ, ದೊಡ್ಡದಾಗಿ ಬರೆದು ಅವನ ಎದೆಗೆ ಒತ್ತಿದೆ.

"ಏನಿದು?"

"ಓದೋಕೆ ಬರಲ್ವಾ?"

ಅವನು ಓದಿದ. 'ತಮ್ಮ' ಎಂದಿತ್ತು, ಅಷ್ಟೆ. ಬೇರೆ ಏನೂ ಇರಲಿಲ್ಲ. ಅವನ ಮುಖದ ಬಣ್ಣ ಇಳಿಯಿತು.

"ಇನ್ಮೇಲೆ ಇಲ್ಲಿ ಬರೆದದ್ದು ಇರಲ್ಲ," ಅಂದೆ. "ನಂದೂ ಇಲ್ಲ, ನಿಂದೂ ಇಲ್ಲ. ಈ ಹುಡುಗಿಯ ಹಾಳೆಯಲ್ಲೂ ಅವಳ ಹೆಸರು ಬರೆದು ಕೊಡು."

"ಅಕ್ಕಾ, ಇವತ್ತೇನೋ ಹೇಗೋ ಆಯ್ತು. ದಿನಾ ಹೀಗೆ, ಎಲ್ಲರ ಮುಂದೆ, ಏನೂ ಇಲ್ಲದೆ... ನನ್ನ ಕೈಲಿ ಆಗಲ್ಲ. ಭಯ ಆಗುತ್ತೆ."

"ಹಲ್ಲು ಕಚ್ಕೊಂಡು ನುಡಿಸು," ಅಂದೆ. "ನಾನು ನುಡಿಸಲಿಲ್ವಾ?"